ಲೈನಾ ರಿಂಕ್‌ನಲ್ಲಿ ಎದುರಾಳಿಗೆ ಯಾಕೆ ಕಷ್ಟ

ತಮ್ಮಾ, ಇಥಾಕಾಗೆ, ಅಂದರೆ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ಯೂನಿವರ್ಸಿಟಿಯ ಊರಿಗೆ, ಓದಲು ಬರುವ ಹುಡುಗರು ನನ್ನನ್ನು ಕೇಳೋದು ಬಾಡಿಗೆ, ಚಳಿ, ಇಂಡಿಯನ್ ಅಂಗಡಿ ಇಷ್ಟೇ. ನೀನು ವಿರಾಜಪೇಟೆಯವನು, ಹಾಗಾಗಿ ಹಾಕಿ ಬಗ್ಗೆ ಕೇಳಿದ್ದೀಯ. "ಕಾರ್ನೆಲ್ ಐಸ್ ಹಾಕಿಗೆ ಸೀಸನ್ ಟಿಕೆಟ್ ತಗೊಳ್ಳೋದು ದಂಡವಾ ಅಕ್ಕಾ? ಅವರು ಆಡೋ ಲೈನಾ ರಿಂಕ್‌ನಲ್ಲಿ ಹೊರಗಿನ ತಂಡ ಗೆಲ್ಲೋದು ಕಷ್ಟ ಅಂತಾರೆ, ಒಂದು ಕಟ್ಟಡದಿಂದ ಹಾಗಾಗುತ್ತಾ?" ಅಂತ. ಟಿಕೆಟ್ ತಗೋ. ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು ಅಳತೆ. ಲೈನಾದ ಐಸ್ 200 ಅಡಿ ಉದ್ದ, 85 ಅಡಿ ಅಗಲ. ಇಲ್ಲಿನ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲೂ ಇಷ್ಟೇ. ಕೆಲವು ಕಾಲೇಜುಗಳು ಐಸ್ ಅಗಲ ಮಾಡಿಯೇ ಎದುರಾಳಿಯನ್ನು ಆಟ ಆಡಿಸುತ್ತಿದ್ದವು. ಮಿನೆಸೋಟಾದ ಮರಿಯುಚಿ ಅರೀನಾ ಬಹಳ ವರ್ಷ 100 ಅಡಿ ಅಗಲ ಇತ್ತು, ಚಿಕ್ಕ ಐಸ್‌ನಲ್ಲಿ ಆಡಿ ಬಂದವರಿಗೆ ಅಲ್ಲಿ ಯಾರನ್ನು ಎಲ್ಲಿ ಹಿಡಿಯಬೇಕು ಅನ್ನೋದೇ ತಲೆನೋವು. ಲೈನಾದಲ್ಲಿ ಅಂಥ ಅನುಕೂಲ ಏನೂ ಇಲ್ಲ. ಇಲ್ಲಿರೋದು ಜನ, ಮತ್ತು ಜನರನ್ನು ಒತ್ತಿ ಕೂರಿಸಿದ ಒಂದು ಚಿಕ್ಕ ಹಾಲ್.

1957ರಲ್ಲಿ ಕಟ್ಟಿದ್ದು. 2006ರಲ್ಲಿ ದೊಡ್ಡದು ಮಾಡಿದ ಮೇಲೂ ಹಿಡಿಯೋದು 4,267 ಜನ ಮಾತ್ರ. ನಿಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ ಜನ ಸೇರುತ್ತಾರೆ, ಅಲ್ವಾ? ಆದರೆ ಅದು ಬಯಲು. ಕೂಗಿದ್ದು ಗಾಳಿಗೆ ಹೋಗುತ್ತದೆ. ಇಲ್ಲಿ ಮೇಲೆ ಛಾವಣಿ, ಕೆಳಗೆ ಗಟ್ಟಿ ಐಸ್, ಸುತ್ತ ಗಾಜು. ಕೂಗಿದ್ದು ಒಳಗೇ ತಿರುಗುತ್ತಿರುತ್ತದೆ. ಗಾಜಿನ ಹಿಂದೆಯೇ ಬೆಂಚುಗಳು ಶುರು. ವಿದ್ಯಾರ್ಥಿಗಳಂತೂ ಆಟ ಮುಗಿಯೋ ತನಕ ಕೂರುವುದೇ ಇಲ್ಲ.

ಬರೀ ಗಲಾಟೆಯಾಗಿದ್ದರೆ ಆಟಗಾರರು ಹೊಂದಿಕೊಳ್ಳುತ್ತಿದ್ದರು. ನನ್ನ ಪ್ರಕಾರ ಕೆಲಸ ಮಾಡೋದು ಆ ಗಲಾಟೆಯ ಶಿಸ್ತು. ಎದುರು ತಂಡದ ಹೆಸರುಗಳನ್ನು ಮೈಕ್‌ನಲ್ಲಿ ಓದುವಾಗ ಇಡೀ ವಿದ್ಯಾರ್ಥಿ ಗುಂಪು ಪೇಪರ್ ಬಿಡಿಸಿ ಮುಖದ ಮುಂದೆ ಹಿಡಿದುಕೊಳ್ಳುತ್ತದೆ, ನೀವು ಯಾರಾದರೆ ನಮಗೇನು ಅನ್ನೋ ಹಾಗೆ. ರಾಷ್ಟ್ರಗೀತೆಯಲ್ಲಿ 'ರೆಡ್' ಅನ್ನೋ ಪದ ಬಂದಾಗ ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ಕಾರ್ನೆಲ್ ತಂಡದ ಹೆಸರು ಬಿಗ್ ರೆಡ್ ಅಲ್ವಾ. ಆಮೇಲೆ ಒಬ್ಬ ಹಸುವಿನ ಗಂಟೆ ಬಾರಿಸುತ್ತಾನೆ, ಉಳಿದವರು ಆ ತಾಳಕ್ಕೆ ಉತ್ತರ ಕೊಡುತ್ತಾರೆ. ಕಾರ್ನೆಲ್ ಗೋಲು ಹೊಡೆದರೆ ಬೆರಳೆಲ್ಲ ಎದುರು ಗೋಲಿಯ (ಗೋಲ್‌ಕೀಪರ್) ಕಡೆಗೆ. ಎಲ್ಲ ಒಳಗೆ ಬಿಡೋ 'ಜರಡಿ, ಜರಡಿ' ಅಂತ ಹಂಗಿಸುತ್ತಾರೆ, ತಪ್ಪೆಲ್ಲ ನಿನ್ನದೇ ಅಂತ ಹಾಡುತ್ತಾರೆ. ಇಪ್ಪತ್ತು ವರ್ಷದ ಹುಡುಗ, ಮುಖವಾಡದ ಹಿಂದೆ ಒಬ್ಬನೇ. ಉಳಿದ ಐವರು ಮುಕ್ಕಾಲು ನಿಮಿಷಕ್ಕೊಮ್ಮೆ ಬೆಂಚಿಗೆ ಹೋಗಿ ಉಸಿರು ಬಿಡುತ್ತಾರೆ, ಇವನಿಗೆ ಆ ಭಾಗ್ಯವೂ ಇಲ್ಲ. ಪಾಪ ಅನಿಸುತ್ತದೆ. ಆದರೂ ನಾನೂ ಕೂಗುತ್ತೇನೆ.

ಹಾರ್ವರ್ಡ್ ಪಂದ್ಯ ಬೇರೆಯೇ ಲೆಕ್ಕ. 1970ರ ದಶಕದಲ್ಲಿ ಹಾರ್ವರ್ಡ್ ಕಡೆಯವರು ಕೋಳಿ ತಂದು ಕಾರ್ನೆಲ್‌ನ ಕೃಷಿ ಕಾಲೇಜನ್ನು ಗೇಲಿ ಮಾಡಿದರಂತೆ. ಅವರದು ಕಡಲ ಪಕ್ಕದ ಊರು ತಾನೆ, ಇಲ್ಲಿನವರು ಮೀನಿನಲ್ಲಿ ಉತ್ತರ ಕೊಟ್ಟರು. ಇವತ್ತಿಗೂ ಹಾರ್ವರ್ಡ್ ಹುಡುಗರು ಐಸ್‌ಗೆ ಇಳಿದ ಕೂಡಲೇ ಮೀನು ಹಾರುತ್ತವೆ. ನೀನು ಮಾತ್ರ ಆ ಕೆಲಸಕ್ಕೆ ಹೋಗಬೇಡ. ಸಿಕ್ಕಿಬಿದ್ದರೆ ಹೊರಗೆ ಕಳಿಸುತ್ತಾರೆ, ಆಟ ಶುರುವಾದ ಮೇಲೆ ಏನಾದರೂ ಎಸೆದರೆ ನಮ್ಮ ತಂಡಕ್ಕೇ ಪೆನಾಲ್ಟಿ ಬೀಳಬಹುದು.

ಹಾಗಂತ ಕೂಗಿದ್ದಕ್ಕೇ ಗೆದ್ದರು ಅಂದರೆ ನಾನು ಒಪ್ಪಲ್ಲ. 1967ರಿಂದ 1972ರ ನಡುವೆ ಕಾರ್ನೆಲ್ ಇಲ್ಲಿ ಸತತ 63 ಪಂದ್ಯ ಗೆದ್ದಿತು. ಆದರೆ ಆ ಕಾಲದ ಮೊದಲ ವರ್ಷಗಳಲ್ಲಿ ಗೋಲಿ ಕೆನ್ ಡ್ರೈಡನ್, ಮುಂದೆ ಮಾಂಟ್ರಿಯಲ್ ಪರ ಎನ್‌ಎಚ್‌ಎಲ್‌ನ ಆರು ಸ್ಟ್ಯಾನ್ಲಿ ಕಪ್ ಗೆದ್ದವನು. ಕೋಚ್ ನೆಡ್ ಹಾರ್ಕ್‌ನೆಸ್. 1969-70ರ ಸೀಸನ್‌ನಲ್ಲಿ ಆಡಿದ 29 ಪಂದ್ಯವನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದರು. ಅಂಥ ತಂಡ ಖಾಲಿ ಹಾಲ್‌ನಲ್ಲೂ ಗೆಲ್ಲುತ್ತಿತ್ತು. ಸಮಬಲದ ಎರಡು ತಂಡ ಸಿಕ್ಕಾಗ ಮಾತ್ರ ಈ ಹಾಲ್ ತಕ್ಕಡಿಯನ್ನು ಸ್ವಲ್ಪ ವಾಲಿಸುತ್ತದೆ.

ಕಣ್ಣಿಗೆ ಬೀಳದ ಅನುಕೂಲಗಳೂ ಇವೆ, ನೀನು ಆಡಿದವನು, ನಿನಗೆ ಇವೇ ಇಷ್ಟವಾಗಬಹುದು. ಆಟ ನಿಂತಾಗ ಹೊರಗಿನ ತಂಡ ತನ್ನ ಆಟಗಾರರನ್ನು ಮೊದಲು ಇಳಿಸಬೇಕು. ಅದನ್ನು ನೋಡಿಕೊಂಡು ಮನೆಯ, ಅಂದರೆ ಆ ರಿಂಕ್‌ನ ತಂಡದ, ಕೋಚ್ ತನ್ನವರನ್ನು ಇಳಿಸುತ್ತಾನೆ. ಅವರ ಒಳ್ಳೆಯ ಲೈನ್ (ಮುಂದೆ ಆಡುವ ಮೂವರು) ಬಂದ ಕೂಡಲೇ ಇವನ ಗಟ್ಟಿ ಡಿಫೆನ್ಸ್ ಜೋಡಿ ಹಾಜರ್. ಇನ್ನೊಂದು, ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಐಸ್ ಸುತ್ತಲಿನ ಬೋರ್ಡ್‌ಗೆ ಬಡಿದು ಹೇಗೆ ಚಿಮ್ಮುತ್ತದೆ ಅನ್ನೋದು. ಒಂದೊಂದು ರಿಂಕ್‌ನಲ್ಲಿ ಒಂದೊಂದು ಥರ. ಮನೆಯ ಗೋಲಿಗೆ ಅದು ದಿನಾ ಪ್ರಾಕ್ಟೀಸ್‌ನಲ್ಲಿ ಕೈಗೆ ಬಂದಿರುತ್ತದೆ, ಹೊರಗಿನವನು ನೆಟ್ ಬಿಟ್ಟು ಹಿಂದೆ ಹೋಗೋ ಮುಂಚೆ ಯೋಚಿಸಬೇಕು. ಮೂರನೆಯದು ಬಸ್ಸು. ಲೀಗ್ ವೇಳಾಪಟ್ಟಿಯಲ್ಲಿ ಹ್ಯಾಮಿಲ್ಟನ್ ಊರಿನ ಕೋಲ್ಗೇಟ್ ಯೂನಿವರ್ಸಿಟಿ ನಮಗೆ ಜೊತೆ. ಬರೋ ತಂಡ ಶುಕ್ರವಾರ ರಾತ್ರಿ ಹ್ಯಾಮಿಲ್ಟನ್‌ನಲ್ಲಿ ಆಡಿ, ಶನಿವಾರ ರಾತ್ರಿ ಇಲ್ಲಿ ಆಡುತ್ತದೆ, ಇಲ್ಲವೇ ತಿರುವುಮುರುವು. ಜನವರಿ ಹಿಮದಲ್ಲಿ ಆ ಬೆಟ್ಟದ ರಸ್ತೆಗಳಲ್ಲಿ ನೀನೇ ಒಂದು ಸಲ ಹೋಗಿ ನೋಡು.

ಕಾರ್ನೆಲ್ 2007ರಿಂದ ಆಗಾಗ ಬಾಸ್ಟನ್ ಯೂನಿವರ್ಸಿಟಿ ಜೊತೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡುತ್ತದೆ. ಹಳೇ ವಿದ್ಯಾರ್ಥಿಗಳು ಸಾವಿರಗಟ್ಟಲೆ ಸೇರುತ್ತಾರೆ, ಕೂಗೂ ಅದೇ, ಗಂಟೆಯೂ ಅದೇ. ಆದರೆ ಅಷ್ಟೆತ್ತರದ ಛಾವಣಿಯ ಕೆಳಗೆ ಅದಕ್ಕೆ ಆ ಖಾರ ಇಲ್ಲ. ಲೈನಾ ಕೆಡವಿ ದೊಡ್ಡದು ಕಟ್ಟಿ ಅನ್ನುವವರಿಗೆ ನಾನು ಇದನ್ನೇ ಹೇಳೋದು.

ನೀನು ಕ್ಯಾಂಪಸ್‌ಗೆ ಬಂದ ಕೂಡಲೇ ವಿದ್ಯಾರ್ಥಿ ಟಿಕೆಟ್ ಯಾವಾಗ ಬಿಡ್ತಾರೆ ಅಂತ ವಿಚಾರಿಸು, ತಡ ಮಾಡಬೇಡ. ಹಿಂದೆಲ್ಲ ಇದಕ್ಕೆ ರಾತ್ರಿಯಿಡೀ ಸಾಲಿನಲ್ಲಿ ಮಲಗುತ್ತಿದ್ದರು. ಒಳಗೂ ಚಳಿ ಇರುತ್ತದೆ, ದಪ್ಪ ಸಾಕ್ಸ್ ಹಾಕ್ಕೋ. ಕೀ ಗೊಂಚಲು ಮರೀಬೇಡ: ನಾವು ಗೆಲ್ಲೋದು ಖಾತ್ರಿಯಾದಾಗ ಎಲ್ಲರೂ ಅದನ್ನು ಅಲ್ಲಾಡಿಸಿ, ಎದುರು ತಂಡಕ್ಕೆ ನಿಮ್ಮ ಬಸ್ ಸ್ಟಾರ್ಟ್ ಮಾಡ್ಕೊಳ್ಳಿ ಅಂತ ಕೂಗುತ್ತಾರೆ.