‘ಎನ್ನಲಾಗುತ್ತದೆ’ ಅಂದವರು ಯಾರು?

ಪ್ರಿಯ ಬರಹಗಾರರೇ,

ಫಿಲಿಪ್ಪೀನ್ಸ್ ಆಯುಧಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. 12 ವರ್ಷ ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು, ಬಂದರಿಂದ ಬಂದರಿಗೆ ಕತ್ತಿ, ಕೊಡಲಿ ಕೂಡಿಹಾಕುತ್ತಾ ಬಂದು ಈಗ ಊರಿನ ಮನೆಯ ಗೋಡೆಗೆ ನೇತುಹಾಕಿದ್ದೀರಿ. ವಿಷಯ ಹೊಸದು. ಫೋಟೊಗಳು ಚೆನ್ನಾಗಿವೆ. ಅಕ್ಷರ ತಪ್ಪು ಕೂಡ ಕಡಿಮೆ. ಹೊಗಳಿಕೆ ಇಲ್ಲಿಗೆ ಮುಗೀತು, ಬೇಜಾರು ಮಾಡಿಕೊಳ್ಳಬೇಡಿ.

ಲೇಖನದಲ್ಲಿ ‘ಎನ್ನಲಾಗುತ್ತದೆ’ ಅನ್ನುವ ಪದ 14 ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಬೇರೆ ತಪ್ಪುಗಳೂ ಇವೆ, ಅವನ್ನು ನಮ್ಮ ಉಪಸಂಪಾದಕರು ನೋಡಿಕೊಳ್ಳುತ್ತಾರೆ. ಈ ಒಂದು ಪದ ಕಂಡರೆ ಮಾತ್ರ ನನಗೆ ಮೈ ಉರಿಯುತ್ತದೆ. ಏಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಸಾಲುಗಳು.

“ಫಿಲಿಪ್ಪೀನ್ಸ್‌ನ ಕಾಡುಜನರು ಶತ್ರುಗಳ ತಲೆ ಕಡಿಯಲು ಬಳಸುತ್ತಿದ್ದ ಈ ಭಯಾನಕ ಕ್ರಿಸ್ 300 ವರ್ಷ ಹಳೆಯದು ಎನ್ನಲಾಗುತ್ತದೆ.”

ಯಾರು ಅಂದರು? ನಿಮಗೆ ಮಾರಿದವನು ತಾನೇ? ಹಾಗಾದರೆ ‘ಮನಿಲಾದ ಅಂಗಡಿಯವನು 300 ವರ್ಷ ಅಂದ’ ಎಂದು ಬರೆಯಿರಿ. ಎಷ್ಟು ನಂಬಬೇಕು ಅಂತ ಓದುವವರಿಗೆ ಗೊತ್ತಾಗುತ್ತದೆ. ‘ಎನ್ನಲಾಗುತ್ತದೆ’ ಅಂದ ಕೂಡಲೇ ಅಂಗಡಿಯವನು ಮಾಯವಾದ, ಅವನ ಜಾಗದಲ್ಲಿ ಯಾರೋ ದೊಡ್ಡ ಪಂಡಿತ ಬಂದು ಕೂತ ಹಾಗಾಯಿತು.

ಇನ್ನು ‘ಕಾಡುಜನರು’. ಕ್ರಿಸ್ ಅನ್ನುವ ಕತ್ತಿ ದಕ್ಷಿಣದ ಮಿಂದನಾವೊ ಮತ್ತು ಸುಲು ದ್ವೀಪಗಳ ಮುಸ್ಲಿಂ ಜನರದ್ದು. ತೌಸುಗ್, ಮರಾನಾವೊ, ಮಗಿಂದನಾವೊ. ಸ್ಪೇನಿನವರು ಇವರನ್ನೆಲ್ಲ ಒಟ್ಟಿಗೆ ಮೊರೊ ಅಂದರು. ಸುಲುವಿನಲ್ಲಿ ಸ್ಪೇನಿನವರು ಬರುವುದಕ್ಕೆ ಮೊದಲೇ ಸುಲ್ತಾನರಿದ್ದರು, ದೂರದೇಶದ ವ್ಯಾಪಾರವಿತ್ತು. ತಲೆ ಕಡಿಯುವ ಕೊಡಲಿಯ ಜನ ದೇಶದ ಇನ್ನೊಂದು ತುದಿಯಲ್ಲಿ, ಉತ್ತರದ ಲುಜೋನ್‌ನ ಕೊರ್ಡಿಯೆರಾ ಬೆಟ್ಟಗಳಲ್ಲಿದ್ದಾರೆ. ನಡುವೆ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಮಿಂದನಾವೊದಲ್ಲೇ ಮುಸ್ಲಿಮರಲ್ಲದ ಟಿಬೋಲಿ, ಬಗೊಬೊ, ಮಂದಾಯ, ಮನೊಬೊ ಜನ ಬೇರೆ ಇದ್ದಾರೆ. ಅವರ ಕತ್ತಿಗಳ ಲಕ್ಷಣವೇ ಬೇರೆ. ಟಿಬೋಲಿ ಕತ್ತಿಯ ಹಿಡಿಗೆ ಹಿತ್ತಾಳೆಯ ಸಣ್ಣ ಗೆಜ್ಜೆ ಕಟ್ಟಿರುತ್ತದೆ. ಇಷ್ಟೂ ಜನರನ್ನು ನೀವು ಒಂದೇ ಪದದಲ್ಲಿ ಕಾಡಿಗೆ ಅಟ್ಟಿದ್ದೀರಿ.

“ಹಿಡಿಯ ಬುಡದಲ್ಲಿ ಅಲಂಕಾರಕ್ಕಾಗಿ ಒಂದು ಗೆರೆ ಕೊರೆಯಲಾಗಿದೆ.”

ಇಲ್ಲಿ ‘ಎನ್ನಲಾಗುತ್ತದೆ’ ಇಲ್ಲ. ನೀವೇ ಕಣ್ಣಾರೆ ನೋಡಿ ಬರೆದಿದ್ದೀರಿ. ಆದರೆ ನೋಡಿದ್ದು ಸಾಲದು. ಹಳೆಯ ಮೊರೊ ಕ್ರಿಸ್‌ನಲ್ಲಿ ಅಲಗಿನ ಬುಡದ ಅಗಲವಾದ ಭಾಗ ಬೇರೆಯೇ ಒಂದು ತುಂಡು. ಅದಕ್ಕೆ ಗಂಗ್ಯಾ ಅಂತಾರೆ. ಅಲಗನ್ನೂ ಗಂಗ್ಯಾವನ್ನೂ ಬೇರೆ ಬೇರೆ ಬಡಿದು, ಕೂಡಿಸುತ್ತಿದ್ದರು. ಹಾಗೆ ಕೂಡಿಸಿದ ಕಡೆ ಗೆರೆ ತಾನಾಗಿ ಬರುತ್ತದೆ. ಕತ್ತಿಯನ್ನು ಅಡ್ಡ ತಿರುಗಿಸಿದರೆ ಆ ಸಂದು ದಪ್ಪದ ಮೇಲೂ ಮುಂದುವರಿಯುತ್ತದೆ, ಉಗುರಿಗೆ ಸಿಗುತ್ತದೆ. 20ನೇ ಶತಮಾನ ಮುಂದುವರಿದಂತೆ ಒಂದೇ ತುಂಡಿನಲ್ಲಿ ಕತ್ತಿ ಮಾಡಿ, ಮೇಲೆ ಸುಮ್ನೆ ಗೆರೆ ಗೀರಿದವು ಜಾಸ್ತಿಯಾದವು. ನಿಮ್ಮ ನಾಲ್ಕನೇ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಗೆರೆ ಅಂಚಿನ ತನಕ ಬಂದಿಲ್ಲ. ಅಂಚಿಗೆ ಒಂದು ಜೋಳದ ಕಾಳಿನಷ್ಟು ದೂರ ಇರುವಾಗಲೇ ನಿಂತುಬಿಟ್ಟಿದೆ. ಅಂದಮೇಲೆ 300 ವರ್ಷದ ಮಾತು ಅಲ್ಲಿಗೇ ಮುಗಿಯಿತು, ಅಲ್ವಾ? ಉತ್ತರ ನಿಮ್ಮ ಗೋಡೆಯ ಮೇಲೇ ನೇತಾಡುತ್ತಿತ್ತು. ನೀವು ಅಂಗಡಿಯವನ ಮಾತು ಕೇಳಿಕೊಂಡು ಕೂತಿರಿ.

“ಕಳಿಂಗ ಜನಾಂಗದ ಹೆಸರು ನಮ್ಮ ಅಶೋಕನ ಕಾಲದ ಕಳಿಂಗದಿಂದ ಬಂದದ್ದು ಎನ್ನಲಾಗುತ್ತದೆ.”

ಇದನ್ನು ಓದಿ ಕಾಫಿ ಕೆಳಗಿಟ್ಟೆ. ಉಚ್ಚಾರ ಹೊಂದಿದರೆ ಸಾಕು, ಜಗತ್ತೆಲ್ಲ ನಮ್ಮದೇ. ಕೊರ್ಡಿಯೆರಾದ ಕಳಿಂಗರಿಗೆ ಆ ಹೆಸರಿಟ್ಟವರು ನೆರೆಹೊರೆಯವರು. ಕೆಳಗಿನ ಕಣಿವೆಯ ಇಬನಾಗ್, ಗದ್ದಾಂಗ್ ಭಾಷೆಗಳಲ್ಲಿ ಆ ಪದಕ್ಕೆ ‘ತಲೆ ಬೇಟೆಗಾರ’ ಅನ್ನುವ ಅರ್ಥವಿದೆ ಎಂದು ಆ ಜನರ ಬಗ್ಗೆ ಬರೆದವರು ಹೇಳುತ್ತಾರೆ. ಹೆದರಿಕೆಯಿಂದ ಇಟ್ಟ ಹೆಸರು, ಈಗ ಒಂದು ಪ್ರಾಂತ್ಯದ ಹೆಸರಾಗಿದೆ. ಇದು ಅಶೋಕನ ಕಥೆಗಿಂತ ಎಷ್ಟೋ ರುಚಿಯಾಗಿದೆ. ಇನ್ನು ನಿಮ್ಮ ಹತ್ತಿರ ಇರುವ ಆ ಕೊಡಲಿ: ಮುಂದೆ ಒಳಕ್ಕೆ ಬಾಗಿದ ಬಾಯಿ, ಹಿಂದೆ ಉದ್ದನೆಯ ಮೊನೆ. ಅದರಿಂದ ಕಟ್ಟಿಗೆ ಕಡಿದರು, ಮಾಂಸ ಕೊಯ್ದರು. ನೀವು ಅದರ ಹಿಡಿ ಸವೆದದ್ದನ್ನು ಬರೆದು, ಮರುಸಾಲಿನಲ್ಲೇ ‘ರಕ್ತದಾಹಿ’ ಅಂದಿದ್ದೀರಿ. ಹಿಡಿ ಸವೆಯುವಷ್ಟು ತಲೆ ಯಾರು ಕಡಿಯುತ್ತಾರೆ ಸ್ವಾಮಿ?

“ಮೆಗೆಲನ್‌ನನ್ನು ಲಾಪುಲಾಪು ಕಂಪಿಲಾನ್ ಖಡ್ಗದಿಂದ ಕೊಂದ ಎನ್ನಲಾಗುತ್ತದೆ.”

ಇಲ್ಲಂತೂ ನಿಮಗೆ ಯಾವ ನೆಪವೂ ಇಲ್ಲ. ಅಲ್ಲೇ ಇದ್ದು ನೋಡಿ ಬರೆದವನೊಬ್ಬ ಇದ್ದಾನೆ. ಆಂಟೋನಿಯೊ ಪಿಗಫೆಟ್ಟಾ, ನಾವಿಕ ಮೆಗೆಲನ್ ಜೊತೆಗೇ ಹಡಗಿನಲ್ಲಿ ಬಂದವನು. 1521ರ ಏಪ್ರಿಲ್ 27, ಮಕ್ತಾನ್ ದ್ವೀಪದ ತೀರ. ಲಾಪುಲಾಪು ಅಲ್ಲಿಯ ನಾಯಕ. ಮೆಗೆಲನ್ ಮುಖಕ್ಕೆ ಬಿದಿರಿನ ಭರ್ಜಿ ಬಿತ್ತು. ಎಸೆದವನನ್ನು ಅವನು ತನ್ನ ಈಟಿಯಿಂದ ಕೊಂದ, ಈಟಿ ಆ ದೇಹದಲ್ಲೇ ಉಳಿಯಿತು. ಕತ್ತಿ ಎಳೆಯಲು ಹೋದ. ತೋಳಿಗೆ ಗಾಯವಾಗಿತ್ತು, ಕತ್ತಿ ಅರ್ಧ ಮಾತ್ರ ಹೊರಗೆ ಬಂತು. ಆಗ ಒಬ್ಬ ದೊಡ್ಡ ಕತ್ತಿಯಿಂದ ಅವನ ಎಡಗಾಲಿಗೆ ಹೊಡೆದ. ಮೆಗೆಲನ್ ಮುಖ ಅಡಿಯಾಗಿ ಬಿದ್ದ. ಆ ‘ಒಬ್ಬ’ ಯಾರು ಅಂತ ಪಿಗಫೆಟ್ಟಾ ಬರೆದಿಲ್ಲ. ಕತ್ತಿಯನ್ನು ಕಂಪಿಲಾನ್ ಅಂತಲೂ ಕರೆದಿಲ್ಲ. ಕಂಪಿಲಾನ್ ಇದ್ದರೂ ಇರಬಹುದು, ಆದರೆ ಅದು ನಮ್ಮ ಊಹೆ. ಅರ್ಧ ಮಾತ್ರ ಹೊರಬಂದ ಆ ಕತ್ತಿಯನ್ನು ಬಿಟ್ಟು ನೀವು ‘ಎನ್ನಲಾಗುತ್ತದೆ’ ಹಿಡಿದುಕೊಂಡಿರಿ.

ಈಗ ನನ್ನ ಕಥೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ವಾರಪತ್ರಿಕೆಗೆ ಕೊಡಗಿನ ಒಡಿಕತ್ತಿಯ ಬಗ್ಗೆ ಬರೆದಿದ್ದೆ. ನೀವೂ ಪನಬಾಸ್ ಕತ್ತಿಯನ್ನು ‘ನಮ್ಮ ಒಡಿಕತ್ತಿಯ ಅಣ್ಣ’ ಅಂದಿದ್ದೀರಲ್ಲ, ಅದನ್ನು ಓದಿಯೇ ಇದೆಲ್ಲ ನೆನಪಾಯಿತು. ‘ಒಂದೇ ಏಟಿಗೆ ವೈರಿಗಳ ರುಂಡ ಚೆಂಡಾಡುತ್ತಿತ್ತು ಎನ್ನಲಾಗುತ್ತದೆ’ ಅಂತ ಶುರು ಮಾಡಿದ್ದೆ. ನಮ್ಮಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ನಶ್ಯ ಹಾಕುತ್ತಿದ್ದರು. ಮಾತು ಕಡಿಮೆ. ನನ್ನ ಹಾಳೆ ವಾಪಸ್ ಬಂದಾಗ ಪ್ರತಿ ‘ಎನ್ನಲಾಗುತ್ತದೆ’ಗೂ ಕೆಂಪು ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ಒಂದೇ ಪದ: ‘ಯಾರು?’ ಹಾಳೆಯ ಮೇಲೆ ನಶ್ಯದ ಪುಡಿ ಬೇರೆ. 11 ‘ಯಾರು?’ ಇದ್ದವು. ನನಗೆ ಅಳು ಬಂತು. ಮಾರನೇ ದಿನ ಅವರೇ ಬಸ್ಸಿನ ದುಡ್ಡು ಕೊಟ್ಟು ‘ಹೋಗಿ ಕೇಳಿಕೊಂಡು ಬಾ’ ಅಂದರು.

ಮಡಿಕೇರಿಯಿಂದ ಮುಂದೆ ಒಂದು ಹಳೆಯ ಐನ್‌ಮನೆಗೆ ಹೋದೆ. ಕೈಲ್‌ಪೊಳ್ದ್ ಹಬ್ಬದ ಮರುದಿನ. ಕತ್ತಿ, ಕೋವಿಗಳಿಗೆ ಸಿಕ್ಕಿಸಿದ್ದ ತೋಕ್ ಪೂ ಇನ್ನೂ ಬಾಡಿರಲಿಲ್ಲ. ಆ ಮನೆಯ ಅಜ್ಜಿಯನ್ನು ಕೇಳಿದೆ, ಈ ಒಡಿಕತ್ತಿ ಎಷ್ಟು ಯುದ್ಧ ನೋಡಿದೆ ಅಂತ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ನಾನು ಈ ಮನೆಗೆ ಬಂದ ಮೇಲೆ ಮದುವೆಗಳಲ್ಲಿ ಬಾಳೆದಿಂಡು ಕಡಿದಿದೆ. ಅದಕ್ಕೂ ಮುಂಚಿನದು ನನಗೇನು ಗೊತ್ತು?’ ಅಂದರು. ಆ ಎರಡು ವಾಕ್ಯ ಅಚ್ಚಾದವು. ನನ್ನ ರುಂಡ ಚೆಂಡಾಟವೆಲ್ಲ ಕಸದ ಬುಟ್ಟಿಗೆ ಹೋಯಿತು.

ನಿಮ್ಮ ಲೇಖನದಲ್ಲೂ ಅಂಥ ಒಬ್ಬ ಮನುಷ್ಯ ಇದ್ದಾನೆ. ಏಳನೇ ಪುಟದ ಕೆಳಗೆ, ಕಂಸದೊಳಗೆ: “(ನಮ್ಮ ಹಡಗಿನ ಮೋಟರ್‌ಮ್ಯಾನ್ ಹೊಲೊ ಕಡೆಯವನು, ಬರೊಂಗ್ ನೋಡಿ ಬೆರಳಿಂದ ಮೀಟಿ ‘ಮೊಲ್ಯೆ’ ಎಂದು ನಕ್ಕ).” ಅಷ್ಟೇ. ಹೊಲೊ ಇರುವುದು ಸುಲುವಿನಲ್ಲಿ, ಬರೊಂಗ್ ಅಲ್ಲಿಯವರ ಎಲೆಯಾಕಾರದ ಕತ್ತಿ ಅಂತಲೂ ನೀವು ಹೇಳಿಲ್ಲ. ಮರುಸಾಲಿನಲ್ಲಿ ‘ಸುಲು ಯೋಧರ ಈ ಖಡ್ಗ ಕಬ್ಬಿಣವನ್ನೂ ಸೀಳುತ್ತಿತ್ತು ಎನ್ನಲಾಗುತ್ತದೆ’ ಅಂತ ಓಡಿಹೋಗಿದ್ದೀರಿ.

ಮೊಲ್ಯೆ ಅಂದರೆ ಜೀಪು, ಲಾರಿಗಳ ಅಡಿಯಲ್ಲಿರುವ ಸ್ಪ್ರಿಂಗ್ ಪಟ್ಟಿ. ನಮ್ಮ ಗ್ಯಾರೇಜಿನವರು ಕಮಾನು ಪಟ್ಟಿ ಅಂತಾರಲ್ಲ, ಅದೇ. ಫಿಲಿಪ್ಪೀನ್ಸ್‌ನ ಕುಲುಮೆಗಳಲ್ಲಿ ಇಂದಿಗೂ ಎಷ್ಟೋ ಕತ್ತಿ ಅದರಿಂದಲೇ ಆಗುತ್ತವೆ. ಹಳೆಯ ಬರೊಂಗ್ ಅಲಗುಗಳಲ್ಲಿ ಬೇರೆ ಬೇರೆ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು ಸಿಗುತ್ತದೆ. ತೊಳೆದು ಹುಳಿ ತಾಗಿಸಿದರೆ ಮರದ ಗೆರೆಯಂಥ ಬಣ್ಣ ಏಳುತ್ತದೆ. ಸ್ಪ್ರಿಂಗ್ ಪಟ್ಟಿಯಲ್ಲಿ ಅದು ಬರುವುದಿಲ್ಲ. ನಿಮ್ಮ ಗೆಳೆಯ ಒಂದು ಪದದಲ್ಲಿ ಕತ್ತಿಯ ವಯಸ್ಸು, ಹುಟ್ಟು ಎರಡನ್ನೂ ಹೇಳಿಬಿಟ್ಟ.

ಹಾಗಂತ ಆ ಬರೊಂಗ್ ಬೆಲೆಯಿಲ್ಲದ್ದು ಅಂತ ನಾನು ಹೇಳುತ್ತಿಲ್ಲ. 1911ರಲ್ಲಿ, ಫಿಲಿಪ್ಪೀನ್ಸ್ ಅಮೆರಿಕದ ಕೈಯಲ್ಲಿದ್ದಾಗ, ಮೊರೊ ಪ್ರಾಂತ್ಯದ ಗವರ್ನರ್ ಆಗಿದ್ದ ಅಮೆರಿಕದ ಜನರಲ್ ಪರ್ಶಿಂಗ್ ಆಯುಧ ಒಪ್ಪಿಸಬೇಕು ಅಂತ ಆಜ್ಞೆ ಹೊರಡಿಸಿದ. ಅಮೆರಿಕದ ಸೈನಿಕರು ನೆನಪಿಗೆ ಅಂತ ಕೊಂಡೊಯ್ದ ಕತ್ತಿಗಳು ಇಂದಿಗೂ ಅಲ್ಲಿಯ ಹರಾಜುಗಳಲ್ಲಿ ಬರುತ್ತವೆ. ಇಷ್ಟೆಲ್ಲ ಆದ ಮೇಲೂ ಯಾವನೋ ಒಬ್ಬ ಲಾರಿಯ ಪಟ್ಟಿ ಕಾಯಿಸಿ ಬಡಿದು, ಅದೇ ಎಲೆಯ ಆಕಾರ ಕೊಟ್ಟು, ಹಿಡಿಗೆ ಅದೇ ಕಾಕತುವಾ ಹಕ್ಕಿಯ ತಲೆ ಕೆತ್ತಿದ್ದಾನೆ. ಅವನು ಯಾರು, ಯಾರಿಗೆ ಮಾಡಿಕೊಟ್ಟ, ಆ ಲಾರಿ ಯಾರದ್ದು? ಇದು ನನಗೆ ಬೇಕು.

ಲೇಖನ ತಿರಸ್ಕರಿಸುತ್ತಿಲ್ಲ, ವಾಪಸ್ ಕಳಿಸುತ್ತಿದ್ದೇನೆ. ಮೆಗೆಲನ್, ಅಶೋಕ ಇಬ್ಬರನ್ನೂ ತೆಗೆಯಿರಿ. ಸೂಟ್‌ಕೇಸಿನಲ್ಲಿ ಹೇಗೆ ತಂದಿರಿ ಅನ್ನುವ ಸಾಹಸವನ್ನೂ ತೆಗೆಯಿರಿ. ಹಳೆಯ ವಸ್ತುಗಳನ್ನು ಆ ದೇಶದಿಂದ ಹೊರಗೆ ಒಯ್ಯುವುದಕ್ಕೆ ಕಡಿವಾಣ ಹಾಕುವ 2009ರ ಕಾಯ್ದೆಯಿದೆ, ಜಂಬ ಕೊಚ್ಚಿಕೊಳ್ಳುವ ವಿಷಯ ಅದಲ್ಲ. ಮೋಟರ್‌ಮ್ಯಾನ್ ಜೊತೆ ಈಗಲೂ ಫೋನಿನಲ್ಲಿ ಮಾತಾಡುತ್ತೀರಿ ಅಂತ ಬರೆದಿದ್ದೀರಿ. ಫೋನ್ ಮಾಡಿ ಕೇಳಿ. ಕ್ರಿಸ್‌ನದು ಇನ್ನೊಂದು ಫೋಟೊ ಕಳಿಸಿ, ಅಡ್ಡ ಹಿಡಿದು, ಗಂಗ್ಯಾದ ಅಂಚು ಕಾಣುವ ಹಾಗೆ. ಬೆಳಕು ಕಿಟಕಿಯ ಕಡೆಯಿಂದ ಬೀಳಲಿ, ಫ್ಲಾಶ್ ಬೇಡ.