ಕೇಳಿದ್ದು ಕೂಪರ್‌ನನ್ನು, ಬಂದದ್ದು ಯಾರು?

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ, ಅಮೆರಿಕದ ‘ಟ್ವಿನ್ ಪೀಕ್ಸ್’ ಧಾರಾವಾಹಿ 2017ರಲ್ಲಿ ಮರಳಿ ಬಂದಾಗ ಮೊದಲಿಗಿಂತ ದೊಡ್ಡದಾಗಿ ಬಂದಿತು ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಈ ವರ್ಷ ಬೇರಾವ ಉತ್ತರಕ್ಕೂ ಬಂದಿಲ್ಲ. ಕೆಲವರು ಕೈಕುಲುಕಿದ್ದಾರೆ, ಹೆಚ್ಚಿನವರು ಜಗಳಕ್ಕೆ ನಿಂತಿದ್ದಾರೆ. ಈ ಸಲದ ಪುಟಗಳನ್ನು ಅವರಿಗೇ ಬಿಟ್ಟುಕೊಡುತ್ತೇನೆ. ಇನ್ನೂ ನೋಡದವರು ಗಮನಿಸಿ: ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ, ಆದರೆ ಹೊಸ ಆವೃತ್ತಿಯ ಕೊನೆಯ ದೃಶ್ಯದವರೆಗೂ ಮಾತು ಹರಿಯುತ್ತದೆ.

ಪ್ರಶ್ನೆ: ನಾನು ಈ ಧಾರಾವಾಹಿಯ ಹೆಸರನ್ನೇ ಕೇಳಿರಲಿಲ್ಲ. ಏನಿದು, ಜನ ಇಷ್ಟೊಂದು ಕಚ್ಚಾಡುವುದೇಕೆ?

ಉತ್ತರ: 1990ರ ಏಪ್ರಿಲ್ 8ರಂದು ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ಸೃಷ್ಟಿಸಿದವರು ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್. ವಾಷಿಂಗ್ಟನ್ ರಾಜ್ಯದ ಕಾಡಿನ ಅಂಚಿನಲ್ಲೊಂದು ಊರು. ಶಾಲೆಯ ಎಲ್ಲರ ಮೆಚ್ಚಿನ ಹುಡುಗಿ ಲಾರಾ ಪಾಮರ್‌ಳ ಹೆಣ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸ್ಥಿತಿಯಲ್ಲಿ ನೀರಿನ ದಡಕ್ಕೆ ಬರುತ್ತದೆ. ತನಿಖೆಗೆ ಬರುವ ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್ ಕಾಫಿಯನ್ನು ಹೊಗಳುತ್ತಾನೆ, ಮರಗಳ ಹೆಸರು ಕೇಳುತ್ತಾನೆ, ಕನಸಿನಲ್ಲಿ ಸುಳಿವು ಹುಡುಕುತ್ತಾನೆ. ಆ ಕನಸಿನ ಕೆಂಪು ಪರದೆಯ ಕೋಣೆಯಲ್ಲಿ ನಟರು ತಮ್ಮ ಮಾತುಗಳನ್ನು ಹಿಂದುಮುಂದಾಗಿ ಉಚ್ಚರಿಸಿದ್ದರು. ಆ ಧ್ವನಿಯನ್ನು ಮತ್ತೆ ತಿರುಗಿಸಿ ಕೇಳಿಸಿದಾಗ ಭಾಷೆ ನಮ್ಮದೇ, ಬಾಯಿ ಮಾತ್ರ ಬೇರೆ ಲೋಕದ್ದು ಎನ್ನಿಸುತ್ತದೆ. ಎರಡು ಸೀಸನ್, 30 ಕಂತು. 1991ರ ಜೂನ್ 10ರಂದು ಮುಗಿಯಿತು. ಆ ಕೊನೆಯ ಕಂತಿನಲ್ಲಿ ಅದೇ ಕೋಣೆಯಲ್ಲಿ ಕುಳಿತ ಲಾರಾ, 25 ವರ್ಷಗಳ ನಂತರ ಮತ್ತೆ ನೋಡುತ್ತೇನೆ ಎಂದು ಕೂಪರ್‌ಗೆ ಹೇಳುತ್ತಾಳೆ. ಹೇಳಿದಂತೆಯೇ ಹೆಚ್ಚುಕಡಿಮೆ ಅಷ್ಟೇ ವರ್ಷ ಕಳೆದು, 2017ರ ಮೇ 21ರಂದು ಷೋಟೈಮ್ ವಾಹಿನಿಯಲ್ಲಿ ಅದು ಮರಳಿತು. 18 ಭಾಗಗಳು, ಎಲ್ಲವನ್ನೂ ಲಿಂಚ್ ಅವರೇ ನಿರ್ದೇಶಿಸಿದರು. ಕಚ್ಚಾಟ ಇರುವುದು ಮುಖ್ಯವಾಗಿ ಈ 18ರ ಬಗ್ಗೆ.

ಪ್ರಶ್ನೆ: ನಾನು ಕೂಪರ್‌ಗಾಗಿ ಕಾದವಳು. ಸಿಕ್ಕಿದ್ದು ಡಗ್ಗಿ. ಕೂಪರ್ ಮುಖವಿರುವ, ಮಾತು ಬಾರದ, ನಡೆಯಲೂ ಮರೆತ ಒಬ್ಬನನ್ನು ಹನ್ನೆರಡು ಹದಿಮೂರು ವಾರ ತೋರಿಸಿದರು. ನನಗೆ ಮೋಸವಾಗಿದೆ ಎಂದೇ ಅನ್ನಿಸುತ್ತದೆ. ನೀವು ಇದನ್ನು ಹೇಗೆ ಸಮರ್ಥಿಸುತ್ತೀರಿ?

ಉತ್ತರ: ನಿಮ್ಮ ಸಿಟ್ಟು ಪೂರ್ತಿ ನ್ಯಾಯವಾದದ್ದು. ಅದನ್ನು ಅಲ್ಲಗಳೆಯದೆ ನನ್ನ ಮನೆಯ ಒಂದು ಸಂಗತಿಯನ್ನು ಹೇಳುತ್ತೇನೆ.

ಹಳೆಯ ಎರಡು ಸೀಸನ್‌ಗಳನ್ನು ನಾನು ಮತ್ತು ಅಕ್ಕ ಒಟ್ಟಿಗೆ ನೋಡಿದ್ದು, 2007ರಲ್ಲಿ ಹೊರಬಂದ ಚಿನ್ನದ ಬಣ್ಣದ ಡಿವಿಡಿ ಪೆಟ್ಟಿಗೆಯಿಂದ. ಅಪ್ಪ ಹಿಂದಿನ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂರುತ್ತಿದ್ದರು; ಸಂಗೀತ ಬಂದಾಗ ಮಾತ್ರ ತಲೆ ಎತ್ತುತ್ತಿದ್ದರು. ಏಂಜೆಲೊ ಬಡಲಮೆಂಟಿಯವರ ಆ ನಿಧಾನದ ಸ್ವರಗಳು ಅವರಿಗೆ ಇಷ್ಟವಾಗಿದ್ದವು. 2014ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಸ್ವಲ್ಪ ಮಟ್ಟಿಗೆ ತಿರುಗಿ ಬಂದವು, ಮಾತು ಬರಲಿಲ್ಲ. ನಾವು ಹೇಳಿದ ವಾಕ್ಯದ ಕೊನೆಯ ಪದವನ್ನಷ್ಟೇ ಹಿಂದಿರುಗಿಸುತ್ತಿದ್ದರು. ‘ಊಟ ಆಯಿತಾ?’ ಎಂದರೆ ‘ಆಯಿತಾ’. ‘ಹೊರಗೆ ಹೋಗೋಣವಾ?’ ಎಂದರೆ ‘ಹೋಗೋಣವಾ’. ಎರಡು ವರ್ಷ ಹೀಗೆ ಕಳೆದು 2016ರಲ್ಲಿ ತೀರಿಕೊಂಡರು.

ಮರುವರ್ಷ ಡಗ್ಗಿ ಬಂದ. ಕೂಪರ್ 25 ವರ್ಷ ಬೇರೆ ಲೋಕದಲ್ಲಿ ಸಿಕ್ಕಿಬಿದ್ದು, ವಿದ್ಯುತ್ ಸಾಕೆಟ್ಟಿನ ಮೂಲಕ ಹೊರಬಂದು, ಲಾಸ್ ವೇಗಸ್‌ನ ವಿಮಾ ನೌಕರ ಡಗ್ಗಿ ಜೋನ್ಸ್‌ನ ಜಾಗದಲ್ಲಿ ನಿಲ್ಲುತ್ತಾನೆ. ಎದುರಿನವರು ಆಡಿದ ಕೊನೆಯ ಪದವನ್ನು ಹಿಂದಿರುಗಿಸುತ್ತಾನೆ. ಕೈಲ್ ಮಕ್‌ಲಾಕ್ಲನ್ ಅದನ್ನು ಅಭಿನಯಿಸಿದ ರೀತಿ ನೋಡಿ ನನ್ನ ಎದೆ ಹಿಂಡಿತು. ಐದನೆಯ ಭಾಗದಲ್ಲಿ, ಕಚೇರಿ ಮುಚ್ಚಿ ಎಲ್ಲರೂ ಮನೆಗೆ ಹೋದ ಮೇಲೂ ಅವನು ಅಂಗಳದ ಪ್ರತಿಮೆಯ ಬೂಟನ್ನು ಸವರುತ್ತ ನಿಂತೇ ಇರುತ್ತಾನೆ. ಎಲ್ಲಿಗೆ ಹೋಗಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಅಕ್ಕ ಅಲ್ಲಿಗೆ ಎದ್ದು ಹೋದಳು. ‘ಇದನ್ನು ನಾನು ಎರಡು ವರ್ಷ ನೋಡಿದ್ದೇನೆ, ಮತ್ತೆ ನೋಡಲಾರೆ’ ಎಂದಳು. ನಾನು ಅದೇ ಕಾರಣಕ್ಕೆ ಕುಳಿತೆ. ಆತನ ಹೆಂಡತಿ ಜೇನಿ-ಈ, ಅಂದರೆ ನವೋಮಿ ವಾಟ್ಸ್, ಮೊದಲು ಗದರಿ, ಆಮೇಲೆ ವೈದ್ಯರ ಬಳಿ ಕರೆದೊಯ್ದು, ಕೊನೆಗೆ ಅವನನ್ನು ಪ್ರೀತಿಸುವುದನ್ನು ನೋಡಿದೆ. ಅವನ ಬಾಯಿಂದ ಬಿದ್ದ ಒಂದು ಪದಕ್ಕೆ ಸುತ್ತಲಿನವರು ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುವುದನ್ನು ನೋಡಿದೆ. ನಾವೂ ಅಪ್ಪನ ಒಂದು ‘ಹ್ಞಾಂ’ಗೆ ಹಾಗೆಯೇ ಮಾಡಿದ್ದೆವು.

ನೀವು ಕೇಳಿದ್ದು ಹಳೆಯ ಕೂಪರ್‌ನನ್ನು, ಅದೇ ನಗು, ಮೆಚ್ಚುಗೆಗೆ ಎತ್ತುವ ಅದೇ ಹೆಬ್ಬೆರಳು, ಅದೇ ಕಾಫಿ. ಲಿಂಚ್ ಮತ್ತು ಫ್ರಾಸ್ಟ್ ಅದನ್ನು ತಡೆಹಿಡಿದರು, 16ನೆಯ ಭಾಗದವರೆಗೆ. 25 ವರ್ಷ ಕಳೆದುಹೋದವನು ಕೋಟು ಕೊಡವಿಕೊಂಡು ಮೊದಲಿನಂತೆಯೇ ಬಂದು ನಿಂತಿದ್ದರೆ ಅದು ನನಗೆ ಸುಳ್ಳಾಗಿ ಕಾಣುತ್ತಿತ್ತು. ಮೋಸ ಎಂದು ನಿಮಗೆ ಅನ್ನಿಸಿದ್ದೂ, ನಿಜ ಎಂದು ನನಗೆ ಅನ್ನಿಸಿದ್ದೂ ಒಂದೇ ವಸ್ತು.

ಪ್ರಶ್ನೆ: ಏಳನೆಯ ಭಾಗದಲ್ಲಿ ಒಬ್ಬಾತ ಬಾರಿನ ನೆಲ ಗುಡಿಸುತ್ತಾನೆ. ಎರಡು ನಿಮಿಷಕ್ಕೂ ಹೆಚ್ಚು! ಇದೂ ಕಲೆಯೇ?

ಉತ್ತರ: ಗುಡಿಸಿದ ಮೇಲೆ ಏನಾಗುತ್ತದೆ ನೆನಪಿದೆಯೇ? ಫೋನ್ ಹೊಡೆದುಕೊಳ್ಳುತ್ತದೆ. ಬಾರಿನವನು ಎತ್ತಿ, ತಾನು ಕಳುಹಿಸಿದ ಎಳೆಯ ಹುಡುಗಿಯರ ಹಣದ ಲೆಕ್ಕ ಮಾತನಾಡುತ್ತಾನೆ, ದಿನಸಿಯ ಲೆಕ್ಕ ಮಾತನಾಡಿದಂತೆ. ಲಾರಾ ಸತ್ತು 25 ವರ್ಷಗಳಾದರೂ ಆ ಊರು ಅದೇ ದಂಧೆ ನಡೆಸುತ್ತಿದೆ. ಪೊರಕೆಯನ್ನು ಅಷ್ಟು ಹೊತ್ತು ನೋಡಿ ಮನಸ್ಸು ತಣ್ಣಗಾಗಿರದಿದ್ದರೆ ಆ ಮಾತು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಪ್ರಶ್ನೆ: ಎಂಟನೆಯ ಭಾಗ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಅಣುಬಾಂಬಿಗೂ ಲಾರಾ ಪಾಮರ್‌ಳ ಕೊಲೆಗೂ ಏನು ಸಂಬಂಧ?

ಉತ್ತರ: 2017ರ ಜೂನ್ 25ರಂದು ಅದು ಪ್ರಸಾರವಾಯಿತು, ಮುಂದಿನ ಭಾಗಕ್ಕೆ ಎರಡು ವಾರ ಕಾಯಬೇಕಿತ್ತು. ನನಗೆ ಆ ಎರಡು ವಾರ ಬೇಕಾಗಿದ್ದವು. 1945ರ ಜುಲೈ 16ರ ಮುಂಜಾನೆ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ. ಕ್ಯಾಮೆರಾ ದೂರದಿಂದ ನಿಧಾನವಾಗಿ ಆ ಮೋಡದ ಒಳಗೇ ಹೋಗುತ್ತದೆ. ಹಿನ್ನೆಲೆಯಲ್ಲಿ ಹಿರೋಷಿಮಾದ ಬಲಿಗಳಿಗಾಗಿ ಎಂದು ಹೆಸರಿಟ್ಟ, ಪೋಲೆಂಡಿನ ಪೆಂಡರೆಟ್ಸ್ಕಿಯವರ ತಂತಿವಾದ್ಯಗಳ ಕೃತಿ. ಪಿಟೀಲುಗಳು ನುಡಿಯುವುದಿಲ್ಲ, ಕಿರುಚುತ್ತವೆ. ಆ ಬೆಂಕಿಯ ಹೊಟ್ಟೆಯಿಂದ, ಮೊದಲ ಸೀಸನ್‌ನಿಂದಲೂ ನಮ್ಮನ್ನು ಹೆದರಿಸಿದ ದುಷ್ಟಶಕ್ತಿ ಬಾಬ್ ಹೊರಬೀಳುತ್ತಾನೆ.

ಈ ಬಾಬ್ ಹುಟ್ಟಿದ ಕಥೆ ನಿಮಗೆ ಗೊತ್ತಿರಲಿ. ಆ ಪಾತ್ರದಲ್ಲಿ ಕಾಣಿಸಿಕೊಂಡ ಫ್ರಾಂಕ್ ಸಿಲ್ವಾ ನಟರಲ್ಲ, ಸೆಟ್ಟಿನ ಸಾಮಾನು ಜೋಡಿಸುವವರು. ಮೊದಲ ಕಂತಿನ ಚಿತ್ರೀಕರಣದಲ್ಲಿ ಅವರ ಮುಖ ಅಕಸ್ಮಾತ್ತಾಗಿ ಕನ್ನಡಿಯಲ್ಲಿ ಮೂಡಿತು. ತಪ್ಪು ಎಂದು ಕತ್ತರಿಸುವ ಬದಲು ಲಿಂಚ್ ಅದನ್ನೇ ಕೇಡಿನ ಮುಖ ಮಾಡಿಕೊಂಡರು. ಸಿಲ್ವಾ 1995ರಲ್ಲಿ ತೀರಿಕೊಂಡರು. 2017ರಲ್ಲಿ ಆ ಮುಖ ಒಂದು ಕಪ್ಪು ಗೋಳದೊಳಗೆ ತೇಲಿಬಂತು.

ಸಂಬಂಧ ಏನು ಎಂದು ಕೇಳಿದಿರಿ. ಒಂದು ಮನೆಯ ಮಲಗುವ ಕೋಣೆಯಲ್ಲಿ ನಡೆದ ಕ್ರೌರ್ಯವನ್ನು ಆ ಮನೆಯ ಒಬ್ಬನ ದೋಷವೆಂದು ಮುಚ್ಚಿಹಾಕಲು ಈ ಭಾಗ ಬಿಡುವುದಿಲ್ಲ. ಅದರ ಬೇರನ್ನು ದೇಶವೇ ಹೆಮ್ಮೆಪಟ್ಟ ಒಂದು ಕ್ಷಣದವರೆಗೆ ಅಗೆಯುತ್ತದೆ. ನಾನು ಓದಿಕೊಂಡದ್ದು ಹೀಗೆ. ಇದು ಅತಿಯಾಯಿತು ಎನ್ನುವ ಗೆಳೆಯರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ: ಬಾಬ್ ಎಲ್ಲಿಂದ ಬಂದನೆಂದು ತಿಳಿಯದಿದ್ದಾಗಲೇ ಹೆಚ್ಚು ಭಯವಾಗುತ್ತಿತ್ತು.

ಪ್ರಶ್ನೆ: ಕೊಲೆಗಾರ ಯಾರೆಂದು ಹೇಳದೇ ಇದ್ದಿದ್ದರೆ ಮೊದಲ ಸರಣಿ ಉಳಿಯುತ್ತಿತ್ತೇ?

ಉತ್ತರ: ಉಳಿಯುತ್ತಿತ್ತೋ ಇಲ್ಲವೋ, ಹೇಳಿದ ಮೇಲೆ ಸೊರಗಿದ್ದಂತೂ ಹೌದು. ವಾಹಿನಿಯ ಒತ್ತಡಕ್ಕೆ ಮಣಿದು 1990ರ ನವೆಂಬರ್ 10ರ ಕಂತಿನಲ್ಲಿ ಗುಟ್ಟು ಬಿಟ್ಟುಕೊಟ್ಟರು. ಚಿನ್ನದ ಮೊಟ್ಟೆ ಇಡುವ ಹಕ್ಕಿಯ ಕತ್ತು ಕೊಯ್ದಂತಾಯಿತು ಎಂದು ಲಿಂಚ್ ಮುಂದೆ ಮರುಗಿದ್ದುಂಟು. ಎರಡನೆಯ ಸೀಸನ್ನನ್ನು ಶನಿವಾರ ರಾತ್ರಿಗೆ ತಳ್ಳಿದ್ದರು. 1991ರ ಆರಂಭದಲ್ಲಿ ಪ್ರಸಾರವನ್ನೇ ನಿಲ್ಲಿಸಿದಾಗ ವೀಕ್ಷಕರು ಪತ್ರ ಬರೆದು ಬರೆದು ಉಳಿದ ಕಂತುಗಳನ್ನು ತರಿಸಿಕೊಂಡರು. ಆ ಸೀಸನ್‌ನ ನಡುಭಾಗ ದುರ್ಬಲವಾಗಿದೆ, ನೀರು ಬೆರೆಸಿದ ಹಾಲಿನಂತೆ. ಹಳೆಯದೆಲ್ಲ ಬಂಗಾರವಾಗಿತ್ತು ಎಂದು ಬರೆದಿರುವ ಓದುಗರು ಆ ಕಂತುಗಳನ್ನು ಇನ್ನೊಮ್ಮೆ ನೋಡಬೇಕು.

ಪ್ರಶ್ನೆ: ಅರ್ಥವಾಗದ್ದನ್ನು ಹೊಗಳುವುದು ಬುದ್ಧಿವಂತಿಕೆಯ ಪ್ರದರ್ಶನ. ನಿಮಗೆ ಇದರಲ್ಲಿ ಒಂದೂ ತಪ್ಪು ಕಾಣಲಿಲ್ಲವೇ?

ಉತ್ತರ: ಕಂಡಿದೆ, ಮತ್ತು ಅದು ನನ್ನನ್ನು ಇಂದಿಗೂ ಬಾಧಿಸುತ್ತದೆ. ಆಡ್ರೀ ಹಾರ್ನ್. ಮೊದಲ ಸರಣಿಯಲ್ಲಿ ಷೆರಿಲಿನ್ ಫೆನ್ ಅಭಿನಯಿಸಿದ ಆ ಹುಡುಗಿಗೆ ಕುತೂಹಲವಿತ್ತು, ಧೈರ್ಯವಿತ್ತು. ಹೊಸದರಲ್ಲಿ ಅವಳು 12ನೆಯ ಭಾಗದವರೆಗೆ ಕಾಣುವುದೇ ಇಲ್ಲ. ಕಂಡಾಗ ಗಂಡನೊಂದಿಗೆ ಬಾಗಿಲು ದಾಟುವ ಬಗ್ಗೆ ವಾದಿಸುತ್ತಿರುತ್ತಾಳೆ. ಕೂಪರ್‌ನ ದುಷ್ಟ ಪ್ರತಿರೂಪ ಅವಳ ಮೇಲೆ ಎಸಗಿದ ಅನ್ಯಾಯವನ್ನು ಬೇರೆಯವರ ಮಾತಿನ ನಡುವೆ ಸೂಚಿಸಿ ಮುಂದೆ ಸಾಗುತ್ತಾರೆ. ಒಬ್ಬ ಹೆಣ್ಣುಮಗಳ ನೋವನ್ನು ಕೇಂದ್ರವಾಗಿಸಿ ಹೊರಟ ಕೃತಿ ಇನ್ನೊಬ್ಬಳ ನೋವನ್ನು ಹೀಗೆ ದಾಟಿಹೋಗಬಾರದಿತ್ತು.

ಹೊಗಳಿಕೆಯ ಬಗ್ಗೆ: ಫ್ರಾನ್ಸಿನ ‘ಕಾಯೇ ದು ಸಿನೆಮಾ’ ಪತ್ರಿಕೆ ಇದನ್ನು 2017ರ ಅತ್ಯುತ್ತಮ ಚಿತ್ರವೆಂದು, ಆಮೇಲೆ ಆ ದಶಕದ ಅತ್ಯುತ್ತಮ ಚಿತ್ರವೆಂದೂ ಆರಿಸಿತು. ಟಿವಿಯಲ್ಲಿ ಬಂದದ್ದು ಸಿನಿಮಾ ಹೇಗಾದೀತು ಎಂಬ ಜಗಳ ಅದರಿಂದಲೂ ಹತ್ತಿಕೊಂಡಿತು. ಆ ಪಟ್ಟಿಗಳು ನಿಮ್ಮ ಬೇಸರವನ್ನು ತಪ್ಪೆಂದು ಸಾಬೀತು ಮಾಡುವುದಿಲ್ಲ. ನನಗೂ ಎಲ್ಲವೂ ಅರ್ಥವಾಗಿಲ್ಲ. ಅರ್ಥವಾಗದ ಜಾಗಗಳಲ್ಲೂ ಏನೋ ಒಂದು ನನ್ನನ್ನು ಹಿಡಿದು ನಿಲ್ಲಿಸಿತು, ಅದನ್ನಷ್ಟೇ ಬರೆದೆ.

ಪ್ರಶ್ನೆ: ಕೊನೆಯ ಕೂಗಿನ ಅರ್ಥವೇನು? ಗೆಳತಿಯರು ನಾಲ್ವರು ನಾಲ್ಕು ಹೇಳುತ್ತಾರೆ.

ಉತ್ತರ: ಕೂಪರ್ ಕಾಲದ ಹಿಂದಕ್ಕೆ ಹೋಗಿ ಲಾರಾಳನ್ನು ಸಾವಿನಿಂದ ತಪ್ಪಿಸಲು ನೋಡುತ್ತಾನೆ. ಆಮೇಲೆ ಟೆಕ್ಸಸ್‌ನಲ್ಲಿ ಬೇರೆ ಹೆಸರಿನಿಂದ ಬದುಕುತ್ತಿರುವ, ಲಾರಾಳ ಮುಖದ ಹೆಂಗಸನ್ನು ರಾತ್ರಿಯಿಡೀ ಕಾರಿನಲ್ಲಿ ಕೂರಿಸಿಕೊಂಡು ಪಾಮರ್ ಮನೆಯ ಮುಂದೆ ತಂದು ನಿಲ್ಲಿಸುತ್ತಾನೆ. ಬಾಗಿಲು ತೆರೆದವರು ಯಾರೋ ಅಪರಿಚಿತರು. ಅದನ್ನು ಅಭಿನಯಿಸಿದವರು ಚಿತ್ರೀಕರಣ ನಡೆದ ಆ ಮನೆಯ ನಿಜವಾದ ಒಡತಿಯೇ ಎಂದು ತಿಳಿದಾಗ ನನಗೆ ಮೈ ನಡುಗಿತು. ಕಥೆಯವರು ನಮ್ಮ ಲೋಕದ ಬಾಗಿಲು ತಟ್ಟಿದ್ದಾರೆ. ಕೂಪರ್ ಬೀದಿಯಲ್ಲಿ ನಿಂತು ಇದು ಯಾವ ವರ್ಷ ಎಂದು ಕೇಳುತ್ತಾನೆ. ಒಳಗಿನಿಂದ ತಾಯಿ ಲಾರಾ ಎಂದು ಕೂಗಿದ ದನಿ ಎಲ್ಲೋ ಕೇಳುತ್ತದೆ. ಲಾರಾಳ ಮುಖದ ಆ ಹೆಂಗಸು, ಅಂದರೆ ನಟಿ ಷೆರಿಲ್ ಲೀ, ಚೀರುತ್ತಾರೆ, ಮನೆಯ ದೀಪಗಳು ಆರುತ್ತವೆ.

ನನ್ನ ಓದು: ಅವಳನ್ನು ಉಳಿಸಲು ಹೊರಟವನು ಅವಳ ನೋವನ್ನು ಅಳಿಸಲು ಹೊರಟಿದ್ದ. ಅದು ಅಳಿಯುವಂಥದ್ದಲ್ಲ, ಅವಳ ಮೈಗೆ ನೆನಪಿತ್ತು. ನಿಮ್ಮ ನಾಲ್ವರು ಗೆಳತಿಯರ ನಾಲ್ಕೂ ಓದುಗಳನ್ನು ಬರೆದು ಕಳುಹಿಸಿ, ಓದುವ ಆಸೆ ಇದೆ.

ಪ್ರಶ್ನೆ: ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಎರಡು ಸೀಸನ್, ಅನಂತರ 1992ರ ಚಿತ್ರ ‘ಫೈರ್ ವಾಕ್ ವಿತ್ ಮಿ’, ಆಮೇಲೆ 2017ರದು. ಚಿತ್ರವನ್ನು ಬಿಟ್ಟು ಹಾರಬೇಡಿ. ಅಲ್ಲಿಯವರೆಗೆ ಹೆಣವಾಗಿದ್ದ ಲಾರಾ ಅದರಲ್ಲಿ ಮನುಷ್ಯಳಾಗುತ್ತಾಳೆ. ಬಂದಾಗ ಅದನ್ನೂ ಬೈದವರೇ ಹೆಚ್ಚು. ದಿನಕ್ಕೊಂದು ಭಾಗ ಸಾಕು, ಕತ್ತಲಲ್ಲಿ, ಒಳ್ಳೆಯ ಧ್ವನಿಯೊಂದಿಗೆ.

ಪ್ರಶ್ನೆ: ಮರದ ದಿಮ್ಮಿ ಹಿಡಿದ ಅಜ್ಜಿಯ ಬಗ್ಗೆ ಬರೆಯಿರಿ. ಉಳಿದದ್ದು ನನಗೆ ಮರೆತುಹೋಗಿದೆ, ಆಕೆ ಮರೆಯುವುದಿಲ್ಲ.

ಉತ್ತರ: ಮಾರ್ಗರೆಟ್. ಅಭಿನಯಿಸಿದ ಕ್ಯಾಥರೀನ್ ಕೋಲ್ಸನ್ ಲಿಂಚ್ ಅವರ ಮೊದಲ ಚಿತ್ರದ ಕಾಲದಿಂದಲೂ ಜೊತೆಗಿದ್ದವರು. ಕ್ಯಾನ್ಸರ್ ಉಲ್ಬಣಿಸಿದ ಸ್ಥಿತಿಯಲ್ಲೇ ತಮ್ಮ ದೃಶ್ಯಗಳನ್ನು ಮುಗಿಸಿಕೊಟ್ಟು, ಕೆಲವೇ ದಿನಗಳಲ್ಲಿ, 2015ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಪ್ರೇಕ್ಷಕರು ಅವರನ್ನು ಕಂಡದ್ದು ಎರಡು ವರ್ಷಗಳ ನಂತರ. 15ನೆಯ ಭಾಗದಲ್ಲಿ ಆಕೆ ಪೊಲೀಸ್ ಅಧಿಕಾರಿ ಹಾಕ್‌ಗೆ ರಾತ್ರಿ ಫೋನ್ ಮಾಡಿ ತಾನು ಸಾಯುತ್ತಿದ್ದೇನೆ ಎನ್ನುತ್ತಾರೆ. ಸಾವು ಕೊನೆಯಲ್ಲ, ಬರಿಯ ಬದಲಾವಣೆ ಎಂಬುದು ನಿನಗೆ ಗೊತ್ತು, ಆದರೂ ಕೈಬಿಡುವಾಗ ಸ್ವಲ್ಪ ಭಯವಿದೆ ಎನ್ನುತ್ತಾರೆ. ಶುಭರಾತ್ರಿ ಹಾಕ್. ಶುಭರಾತ್ರಿ ಮಾರ್ಗರೆಟ್. ಫೋನ್ ಇಟ್ಟ ಮೇಲೆ ಹಾಕ್ ಒಬ್ಬನೇ ಇನ್ನೊಮ್ಮೆ ವಿದಾಯ ಹೇಳುತ್ತಾನೆ. ಆಕೆಯ ಗುಡಿಸಲಿನ ಬೆಳಕು ಮೆಲ್ಲಗೆ ಆರುತ್ತದೆ. ನಟಿ ಮತ್ತು ಪಾತ್ರ ಒಟ್ಟಿಗೆ ಹೋದ ದೃಶ್ಯ ಅದು.

ಅಕ್ಕ ಆ 18 ಭಾಗಗಳನ್ನು ಇಂದಿಗೂ ಮುಗಿಸಿಲ್ಲ. 2025ರ ಜನವರಿಯಲ್ಲಿ ಲಿಂಚ್ ತೀರಿಕೊಂಡ ಸುದ್ದಿ ಬಂದ ಸಂಜೆ ಅವಳನ್ನು ಕೂರಿಸಿ ಇದೊಂದು ದೃಶ್ಯವನ್ನು ತೋರಿಸಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನಿನ ಭಾಗವನ್ನು ಇನ್ನೊಮ್ಮೆ ಹಾಕು ಎಂದಳು.