ಕನ್ನಡ ಮೀಡಿಯಂನಿಂದ ಎಂಜಿನಿಯರಿಂಗ್‌ಗೆ ಬಂದವರು ಇಂಗ್ಲಿಷ್ ಪದಗಳನ್ನು ಹೇಗೆ ಕಲಿಯಬೇಕು?

ನೀವು ಕೇಳಿದ್ದು ಇಷ್ಟು: ಕೋಲಾರದ ಹಳ್ಳಿ, ಹತ್ತನೇ ತನಕ ಕನ್ನಡ ಮೀಡಿಯಂ, ಈಗ ಎಂಜಿನಿಯರಿಂಗ್ ಮೊದಲ ವರ್ಷ. ಪಾಠ ತಲೆಗೆ ಹೋಗ್ತಿಲ್ಲ. ಐದು ಸಾವಿರ ಪದಗಳ ಪುಸ್ತಕ ತಂದು ಬಾಯಿಪಾಠ ಮಾಡಲಾ?

ಬೇಡ. ನಾನು ಮಾಡಿ ನೋಡಿದ್ದೇನೆ. ನಾನೂ ಮುಳಬಾಗಿಲು ಕಡೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕಾಲೇಜು ಸೇರಿದ ಮೊದಲ ತಿಂಗಳು ಅಂಥದ್ದೇ ಪುಸ್ತಕ ಹಿಡಿದು ‘ಎ’ ಅಕ್ಷರ ಪೂರ್ತಿ ಮುಗಿಸಿದೆ. ಅದರಲ್ಲಿ ಕಲಿತ ಒಂದು ಪದವೂ ಕ್ಲಾಸಿನಲ್ಲಿ ಬರಲಿಲ್ಲ.

ನನ್ನನ್ನು ಕೆಡವಿದ್ದು ದೊಡ್ಡ ಪದಗಳಲ್ಲ. ಥರ್ಮೋಡೈನಮಿಕ್ಸ್ ಅಂದರೆ ಏನು ಅಂತ ಕಾನ್ವೆಂಟ್ ಹುಡುಗರಿಗೂ ಗೊತ್ತಿರಲಿಲ್ಲ, ಮೇಷ್ಟ್ರು ಎಲ್ಲರಿಗೂ ಸೇರಿಸಿ ಹೇಳಿಕೊಟ್ಟರು. ಏಟು ಬಿದ್ದಿದ್ದು ಗೊತ್ತಿದೆ ಅಂದುಕೊಂಡಿದ್ದ ಚಿಕ್ಕ ಪದಗಳಿಂದ. ಮೊಮೆಂಟ್ ಅಂದರೆ ಕ್ಷಣ ಅಂತ ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಮೇಷ್ಟ್ರು ಸ್ಪ್ಯಾನರ್ ಹಿಡಿ ಉದ್ದ ಇದ್ದಷ್ಟೂ ನಟ್ಟು ಸುಲಭವಾಗಿ ತಿರುಗುತ್ತೆ ಅಂತ ತೋರಿಸುತ್ತಿದ್ದಾರೆ, ನಾನು ‘ಯಾವ ಕ್ಷಣದಲ್ಲಿ?’ ಅಂತ ಕೂತಿದ್ದೇನೆ. ಅಲ್ಲಿ ಮೊಮೆಂಟ್ ಅಂದರೆ ಬಲವನ್ನು ದೂರದಿಂದ ಗುಣಿಸಿದ್ದು, ಅಷ್ಟೇ. ಮೊಮೆಂಟಮ್ ಮತ್ತೆ ಬೇರೆ. ಅದು ನಮ್ಮ ಹೈಸ್ಕೂಲಿನ ಸಂವೇಗ.

ಸ್ಟ್ರೆಸ್ ಇನ್ನೂ ಕೆಟ್ಟದ್ದು. ಡಿಕ್ಷನರಿ ಒತ್ತಡ ಅನ್ನುತ್ತೆ. ಆದರೆ ಹೈಸ್ಕೂಲಿನಲ್ಲಿ ಪ್ರೆಶರ್‌ಗೂ ಒತ್ತಡ ಅಂತಲೇ ಓದಿದ್ದೆವಲ್ವಾ? ಎರಡರ ಯೂನಿಟ್ಟೂ ಒಂದೇ, ಹಾಗಾಗಿ ಗೊಂದಲ ಜಾಸ್ತಿ. ಪೈಪಿನ ಗೋಡೆಯನ್ನು ನೀರು ತಳ್ಳುವುದು ಪ್ರೆಶರ್. ಆ ತಳ್ಳಾಟ ತಡೆಯಲು ಗೋಡೆಯ ಒಳಗೇ ಹುಟ್ಟುವುದು ಸ್ಟ್ರೆಸ್. ಇದನ್ನು ಯಾವ ಡಿಕ್ಷನರಿಯೂ ಹೇಳಲಿಲ್ಲ, ಲ್ಯಾಬಿನಲ್ಲಿ ಕಬ್ಬಿಣದ ತುಂಡು ಎಳೆದು ಮುರಿದಾಗ ಅರ್ಥ ಆಯಿತು.

ಯೀಲ್ಡ್ ಅನ್ನೋ ಪದ ನೋಡಿ. ನಮ್ಮ ಟೊಮೆಟೊ ತೋಟದಲ್ಲಿ ಅದು ಇಳುವರಿ. ಬೋರ್‌ವೆಲ್‌ನಲ್ಲಿ ಎಷ್ಟು ನೀರು ಬಂತು ಅನ್ನುವುದು. ಉಕ್ಕಿನಲ್ಲಿ, ಎಳೆದಾಗ ಮೊದಲಿನ ಉದ್ದಕ್ಕೆ ವಾಪಸ್ ಬರದೆ ಸೋತುಬಿಡುವ ಜಾಗ. ಮನೆ ಕಟ್ಟುವ ಕಂಬಿಯ ಮೇಲೆ ಎಫ್‌ಇ 500 ಅಂತ ಇರುತ್ತಲ್ಲ, ಆ 500 ಇದೇ ಯೀಲ್ಡ್: ಒಂದು ಚದರ ಮಿಲಿಮೀಟರಿಗೆ 500 ನ್ಯೂಟನ್ ತನಕ ಅದು ಸೋಲಬಾರದು. ಒಂದೇ ಪದ, ಮೂರು ಕಡೆ ಮೂರು ಕೆಲಸ. ಇಂಥದ್ದನ್ನು ಪಟ್ಟಿಯಿಂದ ಕಲಿಯೋಕೆ ಆಗಲ್ಲ, ಅದು ಇರುವ ಜಾಗದಲ್ಲೇ ಹಿಡಿಯಬೇಕು.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಲಾಭ ಇದೆ. ಸಾವಿರ ಅಡಿ ಬೋರು ಕೊರೆಸಿ, ಮೋಟಾರ್ ಸುಟ್ಟು, ಎತ್ತಿಸಿ, ಮತ್ತೆ ಬಿಟ್ಟವರ ಮಕ್ಕಳು ನಾವು. ಕೇಸಿಂಗ್, ವೈಂಡಿಂಗ್, ತ್ರೀ ಫೇಸ್, ಸ್ಟಾರ್ಟರ್, ಸ್ಟೇಜ್ ಎಲ್ಲ ನಮ್ಮ ಅಪ್ಪಂದಿರ ಬಾಯಲ್ಲೇ ಇವೆ. ಒಂದು ಎಚ್‌ಪಿ ಅಂದರೆ 746 ವಾಟ್, ಹೆಡ್ ಅಂದರೆ ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬೇಕು ಅನ್ನುವ ಲೆಕ್ಕ. ಬೋರು ಕೊರೆಯುವ ರಿಗ್ಗಿನವರು ವಿ ಆಕಾರದ ಕಚ್ಚು ಇರುವ ತಗಡು ಇಟ್ಟು ‘ಎರಡಿಂಚು ನೀರು’ ಅಂತಾರಲ್ಲ, ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಅದೇ ವಿ-ನಾಚ್. ನಾನು ಆ ಪುಟ ನೋಡಿ ಕ್ಲಾಸಿನಲ್ಲೇ ನಕ್ಕುಬಿಟ್ಟಿದ್ದೆ. ಒಂದು ಎಚ್ಚರಿಕೆ: ಮನೆಯಲ್ಲಿ ‘ಕರೆಂಟ್ ಇಲ್ಲ’ ಅಂದರೆ ವೋಲ್ಟೇಜ್, ಪವರ್, ಸಪ್ಲೈ ಎಲ್ಲ ಸೇರಿತು. ಕ್ಲಾಸಿನಲ್ಲಿ ಕರೆಂಟ್ ಅಂದರೆ ಆಂಪಿಯರ್ ಮಾತ್ರ.

ಹತ್ತನೇ ಕ್ಲಾಸಿನ ಕನ್ನಡ ವಿಜ್ಞಾನ ಪುಸ್ತಕ ಗುಜರಿಗೆ ಹಾಕಬೇಡಿ. ವೇಗೋತ್ಕರ್ಷ ಗೊತ್ತಿದ್ದವನಿಗೆ ಆಕ್ಸಿಲರೇಶನ್ ಹೊಸ ವಿಷಯ ಅಲ್ಲ, ಹೊಸ ಹೆಸರು. ವಿಭವಾಂತರ ಅಂದರೆ ಪೊಟೆನ್ಶಿಯಲ್ ಡಿಫರೆನ್ಸ್, ವಕ್ರೀಭವನ ಅಂದರೆ ರಿಫ್ರ್ಯಾಕ್ಷನ್, ಅವೂ ಹಾಗೇ. ನಾನು ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದ, ಪಕ್ಕದಲ್ಲಿ ಹೈಸ್ಕೂಲಿನ ಪದ, ಆಮೇಲೆ ಅದನ್ನು ಎಲ್ಲಿ ಕಂಡೆ ಅಂತ ಬರೆಯುತ್ತಿದ್ದೆ. ದಿನಕ್ಕೆ ಐದು ಸಾಕು. ಐಸೋ ಅಂತ ಶುರುವಾದರೆ ನಮ್ಮ ‘ಸಮ’ ಅಂದುಕೊಳ್ಳಿ: ಐಸೋಥರ್ಮಲ್ ಅಂದರೆ ಸಮ ಉಷ್ಣತೆ. ಇಂಥವು ಹತ್ತಿಪ್ಪತ್ತು ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ.

ಪ್ರಶ್ನೆಪತ್ರಿಕೆಯ ಪದಗಳನ್ನು ಮಾತ್ರ ಬೇರೆಯಾಗಿಯೇ ಕಲಿಯಿರಿ. ಸ್ಟೇಟ್ ಅಂದರೆ ನಿಯಮ ಹೇಳು, ಸಾಕು. ಡಿರೈವ್ ಅಂದರೆ ಮೊದಲಿಂದ ಸೂತ್ರ ಹುಟ್ಟಿಸಬೇಕು. ನೆಗ್ಲೆಕ್ಟ್ ಫ್ರಿಕ್ಷನ್ ಅಂದರೆ ಘರ್ಷಣೆ ಲೆಕ್ಕಕ್ಕೆ ತಗೋಬೇಡ. ಡಿಫರೆನ್ಶಿಯೇಟ್ ಅಂತೂ ಗಣಿತದಲ್ಲಿ ಒಂದು, ಬೇರೆ ವಿಷಯದಲ್ಲಿ ವ್ಯತ್ಯಾಸ ಬರಿ ಅಂತ. ರೆಸ್ಪೆಕ್ಟಿವ್ಲಿ ಅಂದರೆ ಹೇಳಿದ ಕ್ರಮದಲ್ಲೇ ಒಂದಕ್ಕೊಂದು ಅಂತ. ಅದು ಗೊತ್ತಿಲ್ಲದೆ ನಾನು ಎ ಮತ್ತು ಬಿ ಶಾಫ್ಟುಗಳ ಅಳತೆ ಅದಲುಬದಲು ಮಾಡಿ ಹತ್ತು ಮಾರ್ಕ್ಸ್ ಕಳೆದುಕೊಂಡೆ. ಲೆಕ್ಕ ಪೂರ್ತಿ ಬರುತ್ತಿತ್ತು, ಅದೇ ಹೊಟ್ಟೆಯುರಿ.

ಇಂಟರ್ವ್ಯೂ ಇಂಗ್ಲಿಷ್ ಬೇರೆ ಕಥೆ, ಮೂರನೇ ವರ್ಷದಲ್ಲಿ ಕೇಳಿ. ಈಗ ಊರಿಗೆ ಹೋದಾಗ ಹಿಟ್ಟಿನ ಗಿರಣಿಗೆ ಹೋಗಿ, ಮೋಟಾರಿನ ಮೇಲಿನ ತಗಡು ಓದಿ. ಡ್ಯೂಟಿ ಅಂತ ಇದ್ದು ಎದುರಿಗೆ ಎಸ್1 ಅಂತ ಇರಬಹುದು. ಅದು ಗಿರಣಿಯವನ ಪಾಳಿ ಅಲ್ಲ. ಈ ಮೋಟಾರನ್ನು ಪೂರ್ತಿ ಲೋಡಿನಲ್ಲಿ ನಿಲ್ಲಿಸದೆ ಓಡಿಸಬಹುದು ಅಂತ. ನೋಟ್‌ಬುಕ್ಕಿಗೆ ಮೊದಲ ಪದ ಸಿಕ್ಕಿತಲ್ಲ.